ಕಡಿಮೆ ಬಜೆಟ್‌ನ ಗೇಮಿಂಗ್ ಕಂಪ್ಯೂಟರ್: ಎಲ್ಲಿ ಉಳಿಸಬೇಕು, ಎಲ್ಲಿ ಕೈ ಬಿಗಿ ಹಿಡಿಯಬಾರದು

"ಐ5 ಸಾಕಾ, ಐ7 ಬೇಕಾ?" ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟ ಹೆಚ್ಚಿನವರ ಮೊದಲ ಪ್ರಶ್ನೆ ಇದು, ಅಂದರೆ ಇಂಟೆಲ್‌ನ ಯಾವ ಪ್ರೊಸೆಸರ್ ಕೊಳ್ಳಬೇಕು ಅಂತ. ದುಡ್ಡು ಕಡಿಮೆ ಇದ್ದಾಗ ಇಲ್ಲಿಂದ ಶುರು ಮಾಡಿದರೆ ಲೆಕ್ಕ ಕೆಡುತ್ತದೆ. ದೊಡ್ಡ ಪ್ರೊಸೆಸರ್, ಅದಕ್ಕೊಂದು ದುಬಾರಿ ಮದರ್‌ಬೋರ್ಡ್, ಬಣ್ಣಬಣ್ಣದ ದೀಪದ ಕ್ಯಾಬಿನೆಟ್ ಎಲ್ಲ ಕೊಂಡಾದ ಮೇಲೆ ಗ್ರಾಫಿಕ್ಸ್ ಕಾರ್ಡ್‌ಗೆ ಚಿಲ್ಲರೆ ಮಾತ್ರ ಉಳಿದಿರುತ್ತದೆ. ಪರದೆಯ ಮೇಲೆ ಗೇಮ್ ಮೂಡಿಸುವುದೇ ಆ ಕಾರ್ಡ್ ಅಲ್ವಾ?

ಹಾಗಾಗಿ ಲೆಕ್ಕವನ್ನು ಪರದೆಯಿಂದ ಹಿಂದಕ್ಕೆ ಹಾಕಿ. ಮೊದಲು ಪರದೆ ಮತ್ತು ನೀವು ಆಡುವ ಗೇಮ್. ಅದಕ್ಕೆ ತಕ್ಕ ಕಾರ್ಡ್. ಆ ಕಾರ್ಡ್‌ಗೆ ಸಾಲುವಷ್ಟು ಪ್ರೊಸೆಸರ್. ಫ್ರೇಮ್‌ಗಳ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ) ಸಂಖ್ಯೆಗೆ ಸಂಬಂಧವೇ ಇಲ್ಲದ ಭಾಗಗಳಲ್ಲಿ ಧಾರಾಳವಾಗಿ ಕಡಿತ ಮಾಡಬಹುದು, ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಒಂದನ್ನು ಬಿಟ್ಟು.

ಮೊದಲ ಹೆಜ್ಜೆ: ಪರದೆ ಮತ್ತು ಗೇಮ್

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ 83 ಲಕ್ಷದ ಹತ್ತಿರ. ಪ್ರತಿ ಫ್ರೇಮ್‌ನಲ್ಲೂ ಕಾರ್ಡ್ ಇಷ್ಟನ್ನೂ ತುಂಬಬೇಕು. ಅಂದರೆ 1440ಪಿ ಮಾನಿಟರ್ ಕೊಂಡ ದಿನವೇ ಕಾರ್ಡ್‌ನ ಕೆಲಸ ಮುಕ್ಕಾಲು ಪಾಲು ಜಾಸ್ತಿ ಆಯಿತು. ಬಜೆಟ್ ಚಿಕ್ಕದಾಗಿದ್ದರೆ 1080ಪಿಯಲ್ಲೇ ನಿಲ್ಲಿ. 24 ಇಂಚಿನ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ.

ಹರ್ಟ್ಜ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು, ಬೇರೆ ವಿಷಯ. 60ರಿಂದ 144 ಹರ್ಟ್ಜ್‌ಗೆ ಹೋದರೆ ಮೌಸ್ ಅಲ್ಲಾಡಿಸಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. 144ರಿಂದ 240ಕ್ಕೆ ಹೋದರೆ ಅಷ್ಟು ಗೊತ್ತಾಗುವುದಿಲ್ಲ. ಫ್ರೀಸಿಂಕ್ ಇರುವ ಪರದೆಯನ್ನೇ ಆರಿಸಿ. ಕಾರ್ಡ್ ಫ್ರೇಮ್ ಕೊಡುವ ವೇಗಕ್ಕೆ ಪರದೆ ತನ್ನ ವೇಗವನ್ನು ಹೊಂದಿಸಿಕೊಳ್ಳುತ್ತದೆ. 75 ಫ್ರೇಮ್‌ನಿಂದ 58ಕ್ಕೆ ಇಳಿದರೂ ಚಿತ್ರ ಹರಿದಂತೆ ಕಾಣುವುದಿಲ್ಲ. ಅಗ್ಗದ ಕಾರ್ಡ್ ಇರುವವರಿಗೇ ಇದರ ಲಾಭ ಜಾಸ್ತಿ.

ಈಗ ಗೇಮ್. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಸ್ಪರ್ಧೆಯ ಗೇಮ್‌ಗಳು ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತವೆ, ಕಾರ್ಡ್ ಮೇಲೆ ಕಡಿಮೆ. ಸೈಬರ್‌ಪಂಕ್ 2077 ತರಹದ ದೊಡ್ಡ ಗೇಮ್‌ಗಳು ಕಾರ್ಡನ್ನು ಹಿಂಡುತ್ತವೆ. ನೀವು ದಿನಾ ಆಡುವ ಗೇಮ್ ಯಾವುದು ಅಂತ ಬರೆದಿಡಿ. ಆಸೆಪಟ್ಟು ಒಂದು ಸಲ ನೋಡಿ ಬಿಡುವ ಗೇಮ್‌ಗಳನ್ನು ಆ ಪಟ್ಟಿಗೆ ಸೇರಿಸಬೇಡಿ. ಅವುಗಳಿಗಾಗಿಯೇ ಬಜೆಟ್ ಉಬ್ಬುವುದು.

ಎರಡನೇ ಹೆಜ್ಜೆ: ಪಾಲು ಹಾಕುವುದು

ಮಾನಿಟರ್, ಕೀಬೋರ್ಡ್ ಬಿಟ್ಟು ಉಳಿದ ಹಣವನ್ನು 100 ಅಂತ ಇಟ್ಟುಕೊಳ್ಳಿ. ದೊಡ್ಡ ಗೇಮ್ ಆಡುವವರು ಅದರಲ್ಲಿ 40ರ ಆಸುಪಾಸು ಗ್ರಾಫಿಕ್ಸ್ ಕಾರ್ಡ್‌ಗೆ ಇಡಬೇಕು. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 30ರೊಳಗೆ ಮುಗಿಯಲಿ. ಉಳಿದ 30ರಲ್ಲಿ ರ‍್ಯಾಮ್, ಎಸ್‌ಎಸ್‌ಡಿ (ಗೇಮ್ ಉಳಿಸಿಡುವ ಡಿಸ್ಕ್), ಎಸ್‌ಎಂಪಿಎಸ್, ಕ್ಯಾಬಿನೆಟ್. ಸ್ಪರ್ಧೆಯ ಗೇಮ್ ಮಾತ್ರ ಆಡುವವರು ಕಾರ್ಡ್‌ನಿಂದ ಸ್ವಲ್ಪ ತೆಗೆದು ಪ್ರೊಸೆಸರ್‌ಗೆ ಹಾಕಬಹುದು.

ಪ್ರೊಸೆಸರ್ ಮತ್ತು ಕಾರ್ಡ್ ಜೋಡೆತ್ತಿನ ಹಾಗೆ. ಒಂದು ಎಷ್ಟೇ ಜೋರಾಗಿ ಎಳೆದರೂ ಬಂಡಿ ಹೋಗುವುದು ನಿಧಾನದ ಎತ್ತಿನ ವೇಗಕ್ಕೇ.

ಮೂರನೇ ಹೆಜ್ಜೆ: ಗ್ರಾಫಿಕ್ಸ್ ಕಾರ್ಡ್

ಹಣ ಹೆಚ್ಚು ಹೋಗುವುದು ಇಲ್ಲೇ. ಮೋಸ ಹೋಗುವುದೂ ಇಲ್ಲೇ. ಕಾರ್ಡ್‌ಗಳ ಹೆಸರು ನಂಬಬೇಡಿ, ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ.

ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಅಂತ ಎರಡು ಕಾರ್ಡ್‌ಗಳಿವೆ. 2021ರಲ್ಲಿ ಬಂದದ್ದು 12 ಜಿಬಿ ಮೆಮೊರಿಯದು. ಆಮೇಲೆ ಅದೇ ಹೆಸರಲ್ಲಿ 8 ಜಿಬಿಯದೊಂದು ಬಂತು. ಅದರಲ್ಲಿ ಮೆಮೊರಿಯ ದಾರಿಯೂ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿದೆ, ಓಟವೂ ನಿಧಾನ. ಆರ್‌ಟಿಎಕ್ಸ್ 3050 ಕೂಡ ಹಾಗೇ. 8 ಜಿಬಿಯದು ಒಂದು ಕಾರ್ಡ್, 2024ರಲ್ಲಿ ಬಂದ 6 ಜಿಬಿಯದು ಅದಕ್ಕಿಂತ ದುರ್ಬಲ ಕಾರ್ಡ್. ಇನ್ನೂ ಕೆಳಗೆ ಹೋದರೆ ಜಿಟಿ 1030. ಅದರ ಡಿಡಿಆರ್4 (ನಿಧಾನದ ಮೆಮೊರಿಯ) ಆವೃತ್ತಿಯನ್ನು ಯಾರಾದರೂ ಸುಮ್ನೆ ಕೊಟ್ಟರೂ ಯೋಚಿಸಿ. ಮೂಲದ ಜಿಡಿಡಿಆರ್5 ಆವೃತ್ತಿಗಿಂತ ಅದು ಬಹಳ ನಿಧಾನ.

ಮೆಮೊರಿ ಎಷ್ಟಿರಬೇಕು? ಹೊಸ ಗೇಮ್‌ಗಳಿಗೆ 8 ಜಿಬಿ ಕನಿಷ್ಠ ಅಂತ ಇಟ್ಟುಕೊಳ್ಳಿ. ಮೆಮೊರಿ ಸಾಲದಿದ್ದಾಗ ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣಬಹುದು, ಆದರೆ ಗೇಮ್ ನಡುನಡುವೆ ತಡವರಿಸುತ್ತದೆ, ಗೋಡೆ ನೆಲದ ವಿನ್ಯಾಸ ಮಸುಕಾಗುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಎರಡೂ 8 ಮತ್ತು 16 ಜಿಬಿಯಲ್ಲಿ ಸಿಗುತ್ತವೆ. 1080ಪಿಯಲ್ಲಿ ಸೆಟ್ಟಿಂಗ್ ಇಳಿಸಿ ಆಡುವವರಿಗೆ 8 ನಡೆಯುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ 16ಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಇನ್ನೊಂದು ಮರೆಯ ವಿಷಯ ಪಿಸಿಐಇ ದಾರಿಗಳು, ಅಂದರೆ ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡುವ ದಾರಿಗಳು. ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ದಾರಿ ಬಳಸುತ್ತದೆ, ಮೆಮೊರಿಯೂ 4 ಜಿಬಿ. ಹಳೆಯ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಮೊದಲೇ ಕಡಿಮೆ ಇದ್ದ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ಹಳೆಯ ಕಂಪ್ಯೂಟರ್‌ಗೆ ಅಗ್ಗದ ಕಾರ್ಡ್ ಹುಡುಕುವವರೇ ಇದನ್ನು ಕೊಳ್ಳುವುದು, ಅವರಿಗೇ ಇದು ಒಗ್ಗುವುದಿಲ್ಲ.

ಹಾಗಾದರೆ ಒಳ್ಳೆಯ ಆಯ್ಕೆ ಯಾವುದು? 1080ಪಿಗೆ ಆರ್‌ಎಕ್ಸ್ 6600 ಬಹಳ ಕಾಲದಿಂದ ಬಜೆಟ್‌ನವರ ಕೈ ಹಿಡಿದಿದೆ. 8 ಜಿಬಿ ಮೆಮೊರಿ, 132 ವ್ಯಾಟ್ ವಿದ್ಯುತ್, ಒಂದೇ 8 ಪಿನ್ ಕೇಬಲ್. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ಇಂದಿಗೂ ಬಿಡಬೇಡಿ. ಸ್ವಲ್ಪ ಮೇಲೆ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಇವೆ. ಇಂಟೆಲ್‌ನ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಒಳ್ಳೆಯ ಕಾರ್ಡ್. ಆದರೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿಯನ್ನು ಒಟ್ಟಿಗೆ ತಲುಪಲು ಬಿಡುವ ಸೌಲಭ್ಯ) ಇಲ್ಲದ ಹಳೆಯ ಬೋರ್ಡ್‌ನಲ್ಲಿ ಅದು ಸರಿಯಾಗಿ ಓಡುವುದಿಲ್ಲ, ಹಳೆಯ ಪ್ರೊಸೆಸರ್ ಜೊತೆಗೂ ಸೊರಗುತ್ತದೆ. ಹೊಸ ಬೋರ್ಡ್ ಇದ್ದರೆ ಮಾತ್ರ ಅದರ ಯೋಚನೆ.

ಒಂದೇ ಚಿಪ್‌ನ ಕಾರ್ಡ್ ಹಲವು ಕಂಪನಿಗಳಿಂದ ಬರುತ್ತದೆ. ಎರಡು ಫ್ಯಾನ್‌ನ ಸಾದಾ ಮಾದರಿಗೂ ಮೂರು ಫ್ಯಾನ್‌ನ ದುಬಾರಿ ಮಾದರಿಗೂ ಫ್ರೇಮ್‌ನಲ್ಲಿ ಬರುವ ವ್ಯತ್ಯಾಸ ಅತ್ಯಲ್ಪ. ಆ ದುಡ್ಡು ಸೇರಿಸಿದರೆ ಎಷ್ಟೋ ಸಲ ಮೇಲಿನ ಚಿಪ್‌ನ ಸಾದಾ ಮಾದರಿಯೇ ಸಿಗುತ್ತದೆ. ಸಾದಾದೇ ತಗೊಳ್ಳಿ. ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಬಿಂಬವನ್ನು ನಿಜದಂತೆ ಮೂಡಿಸುವುದು) ಈ ಬೆಲೆಯ ಕಾರ್ಡ್‌ಗಳಲ್ಲಿ ಹೆಸರಿಗೆ ಮಾತ್ರ, ಅದಕ್ಕಾಗಿ ಹಣ ಕೊಡಬೇಡಿ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಚಿತ್ರವನ್ನು ಚಿಕ್ಕದಾಗಿ ರಚಿಸಿ ಪರದೆಗೆ ತಕ್ಕಷ್ಟು ಹಿಗ್ಗಿಸುವ ತಂತ್ರ ಇದು. ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಎಫ್‌ಎಸ್‌ಆರ್‌ನ ಹಿಂದಿನ ಆವೃತ್ತಿಗಳು ಬಹುತೇಕ ಎಲ್ಲ ಕಾರ್ಡ್‌ಗಳಲ್ಲೂ ಓಡುತ್ತವೆ.

ಕಾರ್ಡ್‌ಗಳನ್ನು ಹೋಲಿಸುವಾಗ ಸರಾಸರಿ ಫ್ರೇಮ್ ಒಂದನ್ನೇ ನೋಡಬೇಡಿ. ಪರೀಕ್ಷೆಗಳಲ್ಲಿ "1 ಪರ್ಸೆಂಟ್ ಲೋ" ಅಂತ ಇನ್ನೊಂದು ಅಂಕಿ ಕೊಡುತ್ತಾರೆ. ಅದು ಗೇಮ್ ಅತಿ ನಿಧಾನವಾದ ಗಳಿಗೆಗಳ ಲೆಕ್ಕ. ಆಡುವಾಗ ಕಿರಿಕಿರಿ ಕೊಡುವುದು ಅದೇ.

ನಾಲ್ಕನೇ ಹೆಜ್ಜೆ: ಪ್ರೊಸೆಸರ್

6 ಕೋರ್ (ಪ್ರೊಸೆಸರ್ ಒಳಗಿನ ಕೆಲಸದ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಬಜೆಟ್ ಗೇಮಿಂಗ್‌ಗೆ ಇಷ್ಟು ಸಾಕು. ಎಎಂಡಿಯ ರೈಜೆನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್, ಎರಡೂ 2022ರಲ್ಲಿ ಬಂದವು, ಮಧ್ಯಮ ಕಾರ್ಡ್‌ಗಳನ್ನು ಈಗಲೂ ಆರಾಮಾಗಿ ನಿಭಾಯಿಸುತ್ತವೆ. ಹಣ ತೀರಾ ಕಡಿಮೆ ಇದ್ದರೆ 4 ಕೋರ್‌ನ ಐ3-12100ಎಫ್ ಕೂಡ ಆಗಬಹುದು.

ಹೆಸರಿನ ಕೊನೆಯ ಅಕ್ಷರ ಗಮನಿಸಿ. ಇಂಟೆಲ್‌ನಲ್ಲಿ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಅದಕ್ಕೇ ಅಗ್ಗ. ಕಾರ್ಡ್ ಕೆಟ್ಟ ದಿನ ಪರದೆ ಪೂರ್ತಿ ಕಪ್ಪು, ಅದಕ್ಕೆ ಸಿದ್ಧರಿರಬೇಕು. ಕೆ ಅಂದರೆ ಓವರ್‌ಕ್ಲಾಕ್ ಮಾಡಬಹುದಾದದ್ದು, ಅಂದರೆ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸಬಹುದಾದದ್ದು. ಅದಕ್ಕೆ ದುಬಾರಿ ಬೋರ್ಡ್, ದೊಡ್ಡ ಕೂಲರ್ ಎಲ್ಲ ಬೇಕು, ನಮ್ಮ ಬಜೆಟ್‌ಗೆ ಬೇಡ. ಎಎಂಡಿಯಲ್ಲಿ ಜಿ ಅಂದರೆ ಒಳಗೇ ಒಳ್ಳೆಯ ಗ್ರಾಫಿಕ್ಸ್ ಇದೆ.

ಈ ಜಿ ವಿಷಯದಲ್ಲಿ ಒಂದು ಎಚ್ಚರ. 5600ಜಿ ನೋಡಿ "5600ಕ್ಕಿಂತ ಒಳ್ಳೆಯದು, ಗ್ರಾಫಿಕ್ಸ್ ಕೂಡ ಇದೆ" ಅಂದುಕೊಳ್ಳಬೇಡಿ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, 5600ಜಿಯಲ್ಲಿ ಅರ್ಧ, 16 ಎಂಬಿ. ಪಿಸಿಐಇ ಕೂಡ 3.0 ಮಾತ್ರ. ಕ್ಯಾಶ್, ಪಿಸಿಐಇ ವಿಷಯದಲ್ಲಿ ರೈಜೆನ್ 5 5500 ಕಥೆಯೂ ಇದೇ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿ ಆಡುವವರಿಗೆ 5600 ಸರಿ. ಕಾರ್ಡ್‌ಗೆ ಈಗ ದುಡ್ಡೇ ಇಲ್ಲ, ಕೆಲವು ತಿಂಗಳು ಹಗುರ ಗೇಮ್ ಆಡಿಕೊಂಡು ಕಾಯುತ್ತೇನೆ ಅನ್ನುವವರಿಗೆ 5600ಜಿ ಅಥವಾ ಹೊಸ 8600ಜಿ ಸರಿ.

ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗದ ಪ್ರಶ್ನೆ ಇದರ ಜೊತೆಗೇ ಬರುತ್ತದೆ. ಎಎಂಡಿಯ ಎಎಂ4 ಅಗ್ಗ, ಆದರೆ ಅದರ ಕಾಲ ಮುಗಿಯಿತು. ಇಂಟೆಲ್‌ನ ಎಲ್‌ಜಿಎ1700 ಸಹ 14ನೇ ತಲೆಮಾರಿಗೆ ನಿಂತಿತು. 2022ರಲ್ಲಿ ಬಂದ ಎಎಂ5ಗೆ 2027ರವರೆಗೂ, ಅದರಾಚೆಗೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. "ಮುಂದೆ ಪ್ರೊಸೆಸರ್ ಬದಲಿಸುತ್ತೇನೆ" ಅಂತ ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಬದಲಿಸುವವರು ಕಡಿಮೆ. ನೀವು ಬದಲಿಸುವವರೇ ಆಗಿದ್ದರೆ ಎಎಂ5 ಮತ್ತು ರೈಜೆನ್ 5 7600 ತರಹದ್ದು ನೋಡಿ. ಇಲ್ಲದಿದ್ದರೆ ಎಎಂ4ನಲ್ಲಿ ಉಳಿಸಿದ ದುಡ್ಡನ್ನು ಕಾರ್ಡ್‌ಗೆ ಹಾಕಿ.

65 ವ್ಯಾಟ್‌ನ ಈ ಪ್ರೊಸೆಸರ್‌ಗಳ ಡಬ್ಬಿಯಲ್ಲಿ ಬರುವ ಕೂಲರ್ ಸ್ವಲ್ಪ ಸದ್ದು ಮಾಡುತ್ತದೆ, ಆದರೆ ಕೆಲಸಕ್ಕೆ ಸಾಕು. ಡಬ್ಬಿ ಇಲ್ಲದೆ ಮಾರುವ ಟ್ರೇ ಪ್ರೊಸೆಸರ್ ಅಗ್ಗವಾಗಿ ಕಂಡರೆ ಕೂಲರ್ ಬೆಲೆ ಸೇರಿಸಿ ನೋಡಿ, ವಾರಂಟಿ ಯಾರು ಕೊಡುತ್ತಾರೆ ಅಂತಲೂ ಕೇಳಿ.

ಐದನೇ ಹೆಜ್ಜೆ: ಮದರ್‌ಬೋರ್ಡ್ ಮತ್ತು ರ‍್ಯಾಮ್

ಬೋರ್ಡ್ ದುಬಾರಿ ಆದಷ್ಟು ಗೇಮ್ ವೇಗವಾಗಿ ಓಡುವುದಿಲ್ಲ. ಆದರೆ ತೀರಾ ಅಗ್ಗದ್ದರಲ್ಲಿ ಕೆಲವು ಬಾಗಿಲು ಮುಚ್ಚಿರುತ್ತವೆ. ಎಎಂ4ನ ಎ520 ಬೋರ್ಡ್‌ಗಳಲ್ಲಿ ಪಿಸಿಐಇ 3.0 ಮಾತ್ರ. ಇಂಟೆಲ್‌ನ ಹೆಚ್610 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟ್, ರ‍್ಯಾಮ್ ವೇಗವನ್ನು ಮಿತಿಗಿಂತ ಏರಿಸಲೂ ಬಿಡುವುದಿಲ್ಲ. ಬಿ550 (ಎಎಂ4), ಬಿ650 (ಎಎಂ5), ಬಿ760 (ಎಲ್‌ಜಿಎ1700) ಸಾಲಿನ ಕೆಳಗಿನ ಮಾದರಿಗಳು ನಡುವಿನ ದಾರಿ. ವೈಫೈ ಇಲ್ಲದ್ದು ಕೊಂಡು ಕೇಬಲ್ ಎಳೆದರೆ ಇನ್ನಷ್ಟು ಉಳಿಯುತ್ತದೆ, ಪಿಂಗ್ (ಗೇಮ್ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಕೂಡ ಸ್ಥಿರವಾಗಿರುತ್ತದೆ.

ಎಲ್‌ಜಿಎ1700 ಬೋರ್ಡ್‌ಗಳಲ್ಲಿ ಡಿಡಿಆರ್4 ಹಾಕುವವೂ ಇವೆ, ಡಿಡಿಆರ್5 ಹಾಕುವವೂ ಇವೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಸ್ಟಾಕ್‌ನ ಬೋರ್ಡ್‌ಗೆ ಹೊಸ ಪ್ರೊಸೆಸರ್ ಹಾಕುವಾಗ ಬಯಾಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯೇ ಕೇಳಿ. ಬಯಾಸ್ ಫ್ಲ್ಯಾಶ್ ಬಟನ್ ಇರುವ ಬೋರ್ಡ್ ಆದರೆ ಪೆನ್‌ಡ್ರೈವ್‌ನಿಂದ ನೀವೇ ಮಾಡಿಕೊಳ್ಳಬಹುದು.

ರ‍್ಯಾಮ್‌ನಲ್ಲಿ 16 ಜಿಬಿ ಕನಿಷ್ಠ. 16ರ ಒಂದು ಕಡ್ಡಿ ಬೇಡ, 8ರ ಎರಡು ಕಡ್ಡಿ ಹಾಕಿ. ಎರಡಿದ್ದರೆ ಡ್ಯುಯಲ್ ಚಾನೆಲ್ ಆಗಿ ಮೆಮೊರಿಯ ಹರಿವು ಇಮ್ಮಡಿಯಾಗುತ್ತದೆ. ಒಳಗಿನ ಗ್ರಾಫಿಕ್ಸ್ ನಂಬಿದವರಿಗಂತೂ ಇದು ಕಡ್ಡಾಯ, ಅವರ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್. ಡಿಡಿಆರ್4 ಆದರೆ 3200 ವೇಗ, ಸಿಎಲ್16 (ಸಿಎಲ್ ಅಂದರೆ ಮೆಮೊರಿ ಉತ್ತರಿಸುವಾಗಿನ ತಡ, ಒಂದೇ ವೇಗದಲ್ಲಿ ಕಡಿಮೆ ಇದ್ದಷ್ಟು ಒಳ್ಳೆಯದು). ಎಎಂ5ಗೆ ಡಿಡಿಆರ್5 6000, ಸಿಎಲ್30 ಸಿಕ್ಕರೆ ಒಳ್ಳೆಯದು, ಸಿಎಲ್36 ಆದರೂ ಬೇಸರ ಬೇಡ. ದೀಪ ಹೊತ್ತಿದ ರ‍್ಯಾಮ್ ಕತ್ತಲಲ್ಲಿ ಚಂದ ಕಾಣುತ್ತದೆ, ಅಷ್ಟೇ.

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದು ಕಾರಣ. ಹಾಗಾಗಿ ಹಳೆಯ ಕಂಪ್ಯೂಟರ್‌ನಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಬಿಸಾಡಬೇಡಿ. ಅವುಗಳ ಸುತ್ತಲೇ ಎಎಂ4 ಅಥವಾ ಡಿಡಿಆರ್4ನ ಎಲ್‌ಜಿಎ1700 ಬೋರ್ಡ್ ಕಟ್ಟುವುದು ಈಗ ಒಳ್ಳೆಯ ಉಳಿತಾಯ.

ಆರನೇ ಹೆಜ್ಜೆ: ಎಸ್‌ಎಸ್‌ಡಿ

ಇಲ್ಲಿ ಧೈರ್ಯವಾಗಿ ಉಳಿಸಿ. ಹಳೆಯ ಸಾಟಾ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡ್‌ಗೆ ಸುಮಾರು 550 ಎಂಬಿ ಓದುತ್ತದೆ, ಪಿಸಿಐಇ ದಾರಿ ಬಳಸುವ ಜೆನ್3 ಎನ್‌ವಿಎಂಇ ಸುಮಾರು 3500, ಜೆನ್4 ಸುಮಾರು 7000. ಕಾಗದದ ಮೇಲೆ ಭಾರಿ ವ್ಯತ್ಯಾಸ, ಗೇಮ್ ಲೋಡ್ ಆಗುವಾಗ ಹೆಚ್ಚಾಗಿ ಕೆಲವೇ ಸೆಕೆಂಡ್. ಅದಕ್ಕೆ ವೇಗಕ್ಕಿಂತ ಜಾಗ ನೋಡಿ. ದೊಡ್ಡ ಗೇಮ್ ಒಂದೇ 100 ಜಿಬಿ ದಾಟುವ ಕಾಲ ಇದು, 1 ಟಿಬಿ ಇದ್ದರೆ ನೆಮ್ಮದಿ. ಬೋರ್ಡ್‌ಗೇ ಕೂರುವ ಚಿಕ್ಕ ಎಂ.2 ಆಕಾರದಲ್ಲಿ ಸಾಟಾ ಕಡ್ಡಿಗಳೂ ಬರುತ್ತವೆ. ನಿಮ್ಮ ಬೋರ್ಡ್‌ನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ನೋಡಿಯೇ ಕೊಳ್ಳಿ.

ಏಳನೇ ಹೆಜ್ಜೆ: ಎಸ್‌ಎಂಪಿಎಸ್

ಬೇರೆ ಭಾಗ ಕಳಪೆಯಾದರೆ ಗೇಮ್ ನಿಧಾನವಾಗುತ್ತದೆ. ಇದು ಕಳಪೆಯಾದರೆ ಉಳಿದ ಭಾಗಗಳನ್ನೂ ಸುಟ್ಟು ಹಾಕಬಹುದು. ಆದರೂ ಕೊನೆಯಲ್ಲಿ ಉಳಿದ ದುಡ್ಡಿಗೆ ಸಿಕ್ಕಿದ್ದನ್ನು ಕೊಳ್ಳುವುದು ಇದನ್ನೇ.

ಲೆಕ್ಕ ಸುಲಭ. ಆರ್‌ಎಕ್ಸ್ 6600ಗೆ 132 ವ್ಯಾಟ್, ರೈಜೆನ್ 5 5600ಗೆ ಸುಮಾರು 80, ಉಳಿದ ಎಲ್ಲದಕ್ಕೆ 50 ಅಂತ ಇಡಿ. ಒಟ್ಟು 260ರ ಹತ್ತಿರ. ಕಾರ್ಡ್‌ಗಳು ಕ್ಷಣಕಾಲ ಜಾಸ್ತಿ ಎಳೆಯುತ್ತವೆ, ಮುಂದೆ ಬೇರೆ ಕಾರ್ಡ್ ಹಾಕಬಹುದು. ಹಾಗಾಗಿ ಒಳ್ಳೆಯ 550 ವ್ಯಾಟ್ ಸಾಕು. ಹೆಸರಿಲ್ಲದ 850 ವ್ಯಾಟ್‌ಗಿಂತ ನಂಬಿಕೆಯ 550 ವ್ಯಾಟ್ ಎಷ್ಟೋ ಮೇಲು.

ನಂಬಿಕೆಯದ್ದು ಅಂತ ಗುರುತಿಸುವುದು ಹೇಗೆ? ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಸಾಲು ನೋಡಿ. ಅಲ್ಲಿನ ಆಂಪಿಯರ್ ಅನ್ನು 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್, ಅಂದರೆ 550 ಅನ್ನುವುದು ನಿಜ. 550 ಅಂತ ಬರೆದು 12 ವೋಲ್ಟ್‌ನಲ್ಲಿ 28 ಆಂಪಿಯರ್ ಇದ್ದರೆ ಅದು ನಿಜಕ್ಕೂ 336 ವ್ಯಾಟ್‌ನದ್ದು. ಕಾರ್ಡ್, ಪ್ರೊಸೆಸರ್ ಎರಡೂ ಎಳೆಯುವುದು ಈ ಸಾಲಿನಿಂದಲೇ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವ ಅಳತೆ ಮಾತ್ರ. ಒಳಗಿನ ಗುಣಮಟ್ಟಕ್ಕೆ ಅದು ಸಾಕ್ಷಿ ಅಲ್ಲ. 5 ವರ್ಷ ಅಥವಾ ಹೆಚ್ಚಿನ ವಾರಂಟಿ ಇದೆಯೇ, ಓವರ್‌ವೋಲ್ಟೇಜ್ ಮತ್ತು ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ, ಬಿಚ್ಚಿ ಪರೀಕ್ಷಿಸಿದವರು ಏನು ಹೇಳುತ್ತಾರೆ, ಇವನ್ನು ನೋಡಿ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವುದನ್ನು ಗೇಮಿಂಗ್ ಕಾರ್ಡ್‌ಗೆ ಜೋಡಿಸಬೇಡಿ. ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಬೇಡಿ. ತುದಿ ಒಂದೇ ತರಹ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ ಅಥವಾ ಬೋರ್ಡ್ ಒಂದೇ ಸಲಕ್ಕೆ ಹೋಗುತ್ತದೆ.

ಕ್ಯಾಬಿನೆಟ್‌ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ಜಾಲರಿ ಇರಲಿ, ಗಾಜು ಬೇಡ. ಒಳಗೆ ಎಳೆಯಲು ಒಂದು ಫ್ಯಾನ್, ಹೊರಗೆ ತಳ್ಳಲು ಒಂದು. ಕಾರ್ಡ್‌ನ ಉದ್ದ ಹಿಡಿಸುತ್ತದೆಯೇ ಅಂತ ಅಳೆದು ನೋಡಿ.

ಎಂಟನೇ ಹೆಜ್ಜೆ: ಸೆಕೆಂಡ್ ಹ್ಯಾಂಡ್

ನಿಜವಾದ ಉಳಿತಾಯ ಇಲ್ಲಿದೆ. ಎಲ್ಲವನ್ನೂ ಹಳೆಯದು ಕೊಳ್ಳಬೇಕಿಲ್ಲ. ಪ್ರೊಸೆಸರ್ ಸುಲಭವಾಗಿ ಕೆಡುವ ವಸ್ತುವಲ್ಲ, ಅದು ಒಳ್ಳೆಯ ಆಯ್ಕೆ. ಎಎಂ4 ಪ್ರೊಸೆಸರ್‌ನ ತಳದಲ್ಲಿ ಪಿನ್ ಬಗ್ಗಿದೆಯೇ ನೋಡಿ. ಎಲ್‌ಜಿಎ1700 ಮತ್ತು ಎಎಂ5ನಲ್ಲಿ ಪಿನ್‌ಗಳು ಬೋರ್ಡ್‌ನಲ್ಲಿರುತ್ತವೆ, ಅಲ್ಲಿ ಟಾರ್ಚ್ ಹಿಡಿದು ನೋಡಿ. ಒಂದು ಎಚ್ಚರ ಮಾತ್ರ: ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲಿನ ಮಾದರಿಗಳಲ್ಲಿ ಜಾಸ್ತಿ ವೋಲ್ಟೇಜ್‌ನಿಂದ ಕ್ರಮೇಣ ಹಾಳಾಗುವ ತೊಂದರೆ ಇತ್ತು. 2024ರಲ್ಲಿ ಅದಕ್ಕೆ ಬಯಾಸ್ ಮೂಲಕ ಪರಿಹಾರ ಬಂತು, ಆದರೆ ಅದಾಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ. ಹಳೆಯದನ್ನು ಕೊಳ್ಳುವಾಗ 12ನೇ ತಲೆಮಾರಿನದ್ದೇ ನೆಮ್ಮದಿ.

ಕಾರ್ಡನ್ನು ಓಡಿಸಿ ನೋಡದೆ ಹಣ ಕೊಡಬೇಡಿ. ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಚಿಪ್‌ನ ಹೆಸರು, ಮೆಮೊರಿ ನೋಡಿ. ಹಳೆಯ ಕಾರ್ಡ್‌ನ ಬಯಾಸ್ ತಿದ್ದಿ ಹೊಸ ಹೆಸರು ಕೊಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಭಾರದ ಗೇಮ್ ಅಥವಾ ಫರ್‌ಮಾರ್ಕ್ ಪರೀಕ್ಷೆ ಹದಿನೈದು ನಿಮಿಷ ಓಡಲಿ. ಪರದೆಯಲ್ಲಿ ಚುಕ್ಕಿ, ಗೆರೆ ಬಂದರೆ ಎದ್ದು ಬನ್ನಿ. ಫ್ಯಾನ್ ಗರಗರ ಅನ್ನುತ್ತದೆಯೇ ಕೇಳಿಸಿಕೊಳ್ಳಿ, ಎಲ್ಲ ಪೋರ್ಟ್‌ಗೂ ಕೇಬಲ್ ಹಾಕಿ ನೋಡಿ. ಕ್ರಿಪ್ಟೊ ಮೈನಿಂಗ್‌ನಲ್ಲಿದ್ದ ಕಾರ್ಡ್ ಅಂದಕೂಡಲೇ ಹೆದರಬೇಕಿಲ್ಲ, ಅದರ ಫ್ಯಾನ್ ಮತ್ತು ಥರ್ಮಲ್ ಪ್ಯಾಡ್ (ಬಿಸಿ ಸಾಗಿಸುವ ಪಟ್ಟಿ) ಸವೆದಿರುತ್ತವೆ ಅಂತ ಲೆಕ್ಕ ಹಾಕಿ ಬೆಲೆ ಇಳಿಸಿ. ರ‍್ಯಾಮ್‌ಗೆ ಮೆಮ್‌ಟೆಸ್ಟ್86, ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಓಡಿಸಿ. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ.

ಆಫೀಸ್‌ಗಳು ಕೈಬಿಟ್ಟ ಹಳೆಯ ಕಂಪ್ಯೂಟರ್ ಕೊಂಡು ಕಾರ್ಡ್ ತುರುಕುವ ದಾರಿಯೂ ಇದೆ. ಅವುಗಳಲ್ಲಿ ಎಷ್ಟೋ ಸಲ ಎಸ್‌ಎಂಪಿಎಸ್ ಚಿಕ್ಕದು, ಕೇಬಲ್ ತುದಿಯೂ ಬೇರೆ. ಇಂಥ ಕಡೆ 70 ವ್ಯಾಟ್‌ನ, ಬೇರೆ ಕೇಬಲ್ ಬೇಡದ 6 ಜಿಬಿಯ ಆರ್‌ಟಿಎಕ್ಸ್ 3050ಗೆ ಒಂದು ಅರ್ಥ ಬರುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸಾಲಿನಿಂದ ಮೇಲಿನದ್ದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅದಕ್ಕಿಂತ ಹಳೆಯ ಐ7 ಎಷ್ಟು ಅಗ್ಗಕ್ಕೆ ಬಂದರೂ ಬಿಡಿ. ಲಿನಕ್ಸ್ ಹಾಕಿಕೊಂಡು ಆಡಬಹುದು, ಆದರೆ ವ್ಯಾಲೊರಂಟ್ ತರಹ ಆ್ಯಂಟಿಚೀಟ್ (ಮೋಸದಾಟ ತಡೆಯುವ ವ್ಯವಸ್ಥೆ) ಬಿಗಿ ಇರುವ ಕೆಲವು ಗೇಮ್‌ಗಳು ಅಲ್ಲಿ ಓಡುವುದಿಲ್ಲ.

ಕೊಳ್ಳುವ ಹೊತ್ತು, ಜೋಡಿಸಿದ ಮೇಲೆ

ಪಟ್ಟಿ ಸಿದ್ಧವಾದ ಮೇಲೆ ಪಿಸಿಪಾರ್ಟ್‌ಪಿಕರ್ ಜಾಲತಾಣದಲ್ಲಿ ಹಾಕಿ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ತಿಂಗಳಿಗೊಂದು ಭಾಗ ಅಂತ ಕೊಂಡು ಕೂಡಿಡಬೇಡಿ. ಎಲ್ಲ ಬಂದು ಜೋಡಿಸುವಷ್ಟರಲ್ಲಿ ಮೊದಲು ಕೊಂಡ ಬೋರ್ಡ್ ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ. ಅದು ಕೆಟ್ಟದ್ದೋ ಸರಿಯೋ ಅಂತ ಆ ತನಕ ಗೊತ್ತೇ ಆಗಿರುವುದಿಲ್ಲ. ದುಡ್ಡು ಕೂಡಿಟ್ಟು ಎಲ್ಲವನ್ನೂ ಒಂದೆರಡು ವಾರದೊಳಗೆ ಕೊಳ್ಳಿ.

ಜೋಡಿಸಿದ ಮೇಲೆ ಮಾನಿಟರ್ ಕೇಬಲ್ ಅನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿ. ಬೋರ್ಡ್‌ಗೆ ಹಾಕಿಕೊಂಡು "ಕಾರ್ಡ್ ಕೆಲಸ ಮಾಡ್ತಿಲ್ಲ" ಅನ್ನುವವರು ಬೇಕಾದಷ್ಟು ಜನ. ನಾಲ್ಕು ಸ್ಲಾಟ್ ಇದ್ದರೆ ಎರಡು ರ‍್ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿದಂತೆ ಸಾಮಾನ್ಯವಾಗಿ ಎರಡು ಮತ್ತು ನಾಲ್ಕನೆಯದರಲ್ಲಿ ಇರಬೇಕು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ರೀಸೈಜಬಲ್ ಬಾರ್ ಅಲ್ಲೇ ಸಿಗುತ್ತದೆ, ಅದನ್ನೂ ಆನ್ ಮಾಡಿ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 144ಕ್ಕೆ ಬದಲಿಸಿ, ಅದು ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ. ಗೇಮ್‌ನಲ್ಲಿ ಫ್ರೇಮ್ ಸಾಲದಿದ್ದರೆ ಮೊದಲು ನೆರಳು ಮತ್ತು ವಾಲ್ಯುಮೆಟ್ರಿಕ್ ಮಂಜಿನ ಸೆಟ್ಟಿಂಗ್ ಇಳಿಸಿ. ಕಾರ್ಡ್‌ನ ಮೆಮೊರಿ ತುಂಬದಿದ್ದರೆ ಟೆಕ್ಸ್‌ಚರ್ (ಗೋಡೆ ನೆಲದ ವಿನ್ಯಾಸ) ಅನ್ನು ಇಳಿಸುವ ಅಗತ್ಯವೇ ಇಲ್ಲ.